ಹಳೆಯ ಮಿಯಾಟಾ, ಹೊಸ ಮಿಯಾಟಾ: ಖುಷಿ ಎಷ್ಟು, ಕೆಲಸ ಎಷ್ಟು?

ಇಬ್ಬರೇ ಕೂರುವ, ಕೈಯಲ್ಲೇ ಗೇರ್ ಹಾಕುವ ಸಣ್ಣ ಪೆಟ್ರೋಲ್ ಸ್ಪೋರ್ಟ್ಸ್ ಕಾರುಗಳು ಷೋರೂಮ್‌ಗಳಿಂದ ಒಂದೊಂದಾಗಿ ಮರೆಯಾಗುತ್ತಿವೆ. ಆಡಿ ಟಿಟಿ 2023ರಲ್ಲಿ ನಿಂತುಹೋಯಿತು. ಐರೋಪ್ಯ ಒಕ್ಕೂಟದಲ್ಲಿ ಪೋರ್ಷೆಯ ಪೆಟ್ರೋಲ್ ಬಾಕ್ಸ್‌ಸ್ಟರ್ ಮತ್ತು ಕೇಮನ್‌ಗಳ ಮಾರಾಟ 2024ರಲ್ಲಿ ಬಹುತೇಕ ಕೊನೆಗೊಂಡಿತು. ಅದಕ್ಕೆ ಕಾರಣವಾದದ್ದು ಹೊಗೆಯ ನಿಯಮವೂ ಅಲ್ಲ, ಕಾರಿನೊಳಗಿನ ಕಂಪ್ಯೂಟರುಗಳ ಸೈಬರ್ ಸುರಕ್ಷತೆಗೆಂದು ಬಂದ ಹೊಸ ನಿಯಮ. ಹೀಗಾಗಿ ಅಮೆರಿಕ, ಬ್ರಿಟನ್, ಜರ್ಮನಿಯಂಥ ಕಡೆ ನೆಲೆಸಿ, ವಾರಾಂತ್ಯಕ್ಕೆ ಇಂಥದ್ದೊಂದು ಕಾರು ಬೇಕೆಂದು ಆಸೆಪಟ್ಟ ಕನ್ನಡಿಗರ ಮುಂದೆ ಈಗ ಎರಡು ದಾರಿಗಳಿವೆ. ಇನ್ನೂ ತಯಾರಾಗುತ್ತಿರುವ ಕೆಲವೇ ಕಾರುಗಳಲ್ಲಿ ಒಂದನ್ನು ಹೊಸದಾಗಿ ಕೊಳ್ಳುವುದು, ಇಲ್ಲವೇ ಮೂವತ್ತು ವರ್ಷ ಹಳೆಯದನ್ನು ತಂದು ಸರಿಮಾಡಿಕೊಳ್ಳುವುದು.

ಈ ಎರಡನ್ನೂ ಹೋಲಿಸಲು ಮಾಜ್ದಾ ಎಂಎಕ್ಸ್-5ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅಮೆರಿಕದವರು ಇದನ್ನು ಮಿಯಾಟಾ ಎನ್ನುತ್ತಾರೆ, ಜಪಾನಿನವರು ರೋಡ್‌ಸ್ಟರ್ ಎನ್ನುತ್ತಾರೆ. 1989ರಿಂದ ಇವತ್ತಿನವರೆಗೂ ಇದರ ಮೂಲ ರಚನೆ ಬದಲಾಗಿಲ್ಲ. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ, ಟರ್ಬೊ ಇಲ್ಲದ ನಾಲ್ಕು ಸಿಲಿಂಡರ್, ಮಡಚುವ ಬಟ್ಟೆಯ ಚಾವಣಿ. ರಚನೆ ಒಂದೇ ಆದ್ದರಿಂದ ಕಾಲ ಏನನ್ನು ಕೊಟ್ಟಿದೆ, ಏನನ್ನು ಕಿತ್ತುಕೊಂಡಿದೆ ಎಂಬುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನಾಲ್ಕು ತಲೆಮಾರುಗಳು

ಮಾಜ್ದಾ ಈ ಕಾರನ್ನು ಮೊದಲು ತೋರಿಸಿದ್ದು 1989ರ ಫೆಬ್ರವರಿಯಲ್ಲಿ, ಷಿಕಾಗೊ ಆಟೊ ಷೋನಲ್ಲಿ. ಆಗ ಅಮೆರಿಕದಲ್ಲಿ ಆರಂಭದ ಬೆಲೆ 13,800 ಡಾಲರ್. ಹತ್ತು ಲಕ್ಷದ ಕಾರು ಹೊರಬಂದದ್ದು 2016ರ ಏಪ್ರಿಲ್‌ನಲ್ಲಿ. ತಲೆಮಾರುಗಳನ್ನು ಎರಡಕ್ಷರದ ಸಂಕೇತದಿಂದ ಗುರುತಿಸುವುದು ರೂಢಿ. ಎನ್‌ಎ ಎಂದರೆ 1989ರಿಂದ 1997ರವರೆಗಿನದು, ಮೇಲೇಳುವ ಹೆಡ್‌ಲೈಟ್ ಇರುವುದು ಇದಕ್ಕೆ ಮಾತ್ರ. ಎನ್‌ಬಿ 1998ರಿಂದ 2005, ಎನ್‌ಸಿ 2005ರಿಂದ 2015, ಎನ್‌ಡಿ 2015ರಿಂದ ಈಚಿನದು. ಇಲ್ಲಿ ಹೆಚ್ಚಾಗಿ ಮೊದಲನೆಯ ಎನ್‌ಎ ಮತ್ತು ಈಗಿನ ಎನ್‌ಡಿಯನ್ನು ಎದುರುಬದುರು ಇಟ್ಟು ನೋಡೋಣ.

ಮೊದಲಿಗೆ ಗಾತ್ರ. ಹೊಸ ತಲೆಮಾರಿನ ಕಾರು ಹಳೆಯದಕ್ಕಿಂತ ದಪ್ಪವಾಗಿರುತ್ತದೆ ಎಂಬುದು ಸಾಮಾನ್ಯ ನಿಯಮ. ಪೋರ್ಷೆ 911 ತಗೊಳ್ಳಿ: 1989ರ 964 ಮಾದರಿಯ ಅಗಲ 1,652 ಮಿ.ಮೀ., 2019ರ 992 ಮಾದರಿಯದು 1,852. ಹೆಚ್ಚಾದದ್ದು ಪೂರ್ತಿ 20 ಸೆಂಟಿಮೀಟರ್. ಹಳ್ಳಿ ರಸ್ತೆಯಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬಂದಾಗ ಈ 20 ಸೆಂಟಿಮೀಟರ್ ಏನೆಂದು ಗೊತ್ತಾಗುತ್ತದೆ. ಎಂಎಕ್ಸ್-5 ಈ ಚಾಳಿಗೆ ಬಿದ್ದಿಲ್ಲ. ಎನ್‌ಎ ಉದ್ದ ಸುಮಾರು 3,950 ಮಿ.ಮೀ. ಇದ್ದರೆ ಎನ್‌ಡಿಯದು 3,915. ಅಗಲ ಮಾತ್ರ 1,675ರಿಂದ 1,735ಕ್ಕೆ ಏರಿದೆ. ತೂಕದಲ್ಲೂ ಅಂಥ ಅಂತರವಿಲ್ಲ. ಅಮೆರಿಕದ ಮೊದಲ ಎನ್‌ಎ ಸುಮಾರು 960 ಕೆ.ಜಿ., ಅಲ್ಲಿಯ 2.0 ಲೀಟರ್ ಎನ್‌ಡಿ ಸುಮಾರು 1,060 ಕೆ.ಜಿ. ಈ ನೂರು ಕೆ.ಜಿ.ಯಲ್ಲಿ ನಾಲ್ಕು ಏರ್‌ಬ್ಯಾಗ್, ಎಬಿಎಸ್, ಗಟ್ಟಿಮುಟ್ಟಾದ ಚೌಕಟ್ಟು, ದೊಡ್ಡ ಬ್ರೇಕ್ ಎಲ್ಲವೂ ಸೇರಿದೆ. ಬಾನೆಟ್, ಡಿಕ್ಕಿಯ ಮುಚ್ಚಳ, ಮುಂದಿನ ಮಡ್‌ಗಾರ್ಡ್‌ಗಳನ್ನು ಅಲ್ಯೂಮಿನಿಯಮ್‌ನಲ್ಲಿ ಮಾಡಿದ್ದರಿಂದ ಇದು ಸಾಧ್ಯವಾಯಿತು.

ಖುಷಿಯ ಲೆಕ್ಕ: ಗೇರ್ ಮತ್ತು ವೇಗ

ಸ್ಪೋರ್ಟ್ಸ್ ಕಾರಿನ ಖುಷಿ ಎಂದೊಡನೆ ಮನಸ್ಸಿಗೆ ಬರುವುದು ಪಿಕಪ್. ಅದರಲ್ಲಿ ಹೊಸದೇ ಮುಂದೆ, ಅನುಮಾನವೇ ಬೇಡ. ಎನ್‌ಎಯ 1.6 ಲೀಟರ್ ಎಂಜಿನ್ ಕೊಡುವುದು 116 ಅಶ್ವಶಕ್ತಿ, 2019ರ ನಂತರದ 2.0 ಲೀಟರ್ ಎನ್‌ಡಿ ಕೊಡುವುದು 181. ಟನ್ನಿಗೆ ಲೆಕ್ಕ ಹಾಕಿದರೆ 121 ಮತ್ತು 171. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಹಳೆಯದಕ್ಕೆ ಸುಮಾರು 9 ಸೆಕೆಂಡ್, ಹೊಸದಕ್ಕೆ ಆರೂವರೆ.

ಆದರೆ ರಸ್ತೆಯಲ್ಲಿ ಓಡಿಸುವವನಿಗೆ ಮುಖ್ಯವಾದ ಪ್ರಶ್ನೆ ಬೇರೆ. ಕಾನೂನು ಒಪ್ಪುವ ವೇಗದೊಳಗೆ ಈ ಎಂಜಿನ್ನನ್ನು ಎಷ್ಟು ಬಳಸಲು ಸಾಧ್ಯ? ಇದನ್ನು ಗೇರ್ ಅನುಪಾತದಿಂದ ಲೆಕ್ಕ ಹಾಕಬಹುದು. ಎಂಜಿನ್ ಎಷ್ಟು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು ಬರುತ್ತದೆ ಎಂಬುದೇ ಅನುಪಾತ. ಎನ್‌ಎಯ ಎರಡನೇ ಗೇರ್ 1.888, ಹಿಂದಿನ ಆಕ್ಸಲ್‌ನ ಅನುಪಾತ 4.3. ಗುಣಿಸಿದರೆ 8.12. 185/60 ಆರ್14 ಟೈರಿನ ಸುತ್ತಳತೆ ಸುಮಾರು 1.81 ಮೀಟರ್. ಎಂಜಿನ್ ನಿಮಿಷಕ್ಕೆ 7,000 ಸುತ್ತಿನ ಕೆಂಪುಗೆರೆ, ಅಂದರೆ ತನ್ನ ಗರಿಷ್ಠ ಮಿತಿ, ಮುಟ್ಟಿದಾಗ ವೇಗ ಗಂಟೆಗೆ ಸುಮಾರು 94 ಕಿ.ಮೀ. ಮೂರನೇ ಗೇರಿನಲ್ಲಿ 133.

ಎನ್‌ಡಿ 2.0ದಲ್ಲಿ ಎರಡನೇ ಗೇರ್ 2.991, ಆಕ್ಸಲ್ 2.866, ಕೆಂಪುಗೆರೆ 7,500. ಎರಡನೇ ಗೇರಿನಲ್ಲೇ 101 ದಾಟುತ್ತದೆ, ಮೂರನೆಯದರಲ್ಲಿ 149 ಮುಟ್ಟುತ್ತದೆ. ಮೇಲ್ನೋಟಕ್ಕೆ ದೊಡ್ಡ ವ್ಯತ್ಯಾಸವೇನಲ್ಲ. ಆದರೆ ಹೊಸದು ಅಲ್ಲಿಗೆ ಬೇಗ ಹೋಗಿಬಿಡುತ್ತದೆ. 80ರ ಮಿತಿಯ ರಸ್ತೆಯಲ್ಲಿ ಹಳೆಯದರ ಎರಡನೇ ಗೇರನ್ನು ಹೆಚ್ಚುಕಡಿಮೆ ಪೂರ್ತಿ ಹಿಂಡಬಹುದು. ಎಂಜಿನ್ ಕೂಗುತ್ತದೆ, ಕೈಗೆ ಕೆಲಸ ಇರುತ್ತದೆ, ಪಕ್ಕದಲ್ಲಿ ಹೋಗುವವರಿಗೆ ನೀವು ನಿಧಾನವಾಗಿಯೇ ಕಾಣುತ್ತೀರಿ. ಹೊಸದರಲ್ಲಿ ಅದೇ ಸುಖಕ್ಕೆ ಕಾಲನ್ನು ಸ್ವಲ್ಪ ಬಿಗಿಹಿಡಿಯಬೇಕು. ಐನೂರು ಅಶ್ವಶಕ್ತಿಯ ಈಗಿನ ಕಾರುಗಳಲ್ಲಂತೂ ಎರಡನೇ ಗೇರನ್ನು ಪೂರ್ತಿ ಎಳೆದರೆ ಲೈಸೆನ್ಸ್ ಉಳಿಯುವುದು ಕಷ್ಟ. ಹಳೆಯ ಕಾರು ಹೆಚ್ಚು ಮಜಾ ಎನ್ನುವವರ ಮಾತಿನ ಹಿಂದಿರುವುದು ಹಳೆಯ ನೆನಪಷ್ಟೇ ಅಲ್ಲ, ಈ ಲೆಕ್ಕವೂ ಇದೆ.

ಹೆದ್ದಾರಿಗೆ ಬಂದರೆ ಲೆಕ್ಕ ತಿರುಗುಮುರುಗು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಎನ್‌ಎಯ ಐದನೇ ಗೇರಿನಲ್ಲಿ ಎಂಜಿನ್ ಸುಮಾರು 3,500 ಸುತ್ತು ಹೊಡೆಯುತ್ತಿರುತ್ತದೆ, ಎನ್‌ಡಿಯ ಆರನೇ ಗೇರಿನಲ್ಲಿ 2,700. ಬಟ್ಟೆಯ ಚಾವಣಿಯ ಗಾಳಿ ಸದ್ದೂ ಸೇರಿದಾಗ ಎನ್‌ಎಯಲ್ಲಿ ಮೂರು ಗಂಟೆಯ ಪ್ರಯಾಣ ತಲೆ ಚಿಟ್ಟು ಹಿಡಿಸುತ್ತದೆ. ದಿನವೂ ಹೆದ್ದಾರಿಯಲ್ಲಿ ಕಚೇರಿಗೆ ಹೋಗಬೇಕಾದವರು ಇಲ್ಲಿಗೇ ತೀರ್ಮಾನ ಮಾಡಿಕೊಳ್ಳಬಹುದು.

ಕೈಗೆ ಸಿಗುವ ರಸ್ತೆ: ಸ್ಟೀರಿಂಗ್ ಮತ್ತು ಆಕ್ಸಿಲರೇಟರ್

ಪವರ್ ಸ್ಟೀರಿಂಗ್‌ನಲ್ಲಿ ಎರಡು ಬಗೆ. ಹೈಡ್ರಾಲಿಕ್‌ನಲ್ಲಿ ಎಂಜಿನ್ ಬೆಲ್ಟಿನಿಂದ ಓಡುವ ಪಂಪ್ ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸಲು ನೆರವಾಗುತ್ತದೆ. ಎಲೆಕ್ಟ್ರಿಕ್‌ನಲ್ಲಿ ಒಂದು ಮೋಟಾರು ಆ ಕೆಲಸ ಮಾಡುತ್ತದೆ, ಎಷ್ಟು ನೆರವು ಎಂಬುದನ್ನು ಸಾಫ್ಟ್‌ವೇರ್ ನಿರ್ಧರಿಸುತ್ತದೆ. ಎನ್‌ಎ, ಎನ್‌ಬಿ, ಎನ್‌ಸಿಗಳದ್ದು ಹೈಡ್ರಾಲಿಕ್. ಮೂಲ ಬೆಲೆಯ ಕೆಲವು ಎನ್‌ಎಗಳಲ್ಲಿ ಪವರ್ ಸ್ಟೀರಿಂಗೇ ಇರಲಿಲ್ಲ. ಎನ್‌ಡಿ ಎಲೆಕ್ಟ್ರಿಕ್.

ರಸ್ತೆಯ ಉಬ್ಬುತಗ್ಗು, ಟೈರಿನ ಹಿಡಿತ ಸಡಿಲವಾಗುವ ಆ ಕ್ಷಣ, ಇವೆಲ್ಲ ಚಕ್ರದಿಂದ ಸ್ಟೀರಿಂಗ್ ದಂಡದ ಮೂಲಕ ಅಂಗೈಗೆ ಸಣ್ಣ ನಡುಕವಾಗಿ ಬರುತ್ತವೆ. ಎಲೆಕ್ಟ್ರಿಕ್ ಮೋಟಾರಿನ ಸ್ವಂತ ಜಡತ್ವ ಮತ್ತು ಘರ್ಷಣೆ ಇದರಲ್ಲಿ ಒಂದಷ್ಟನ್ನು ನುಂಗುತ್ತದೆ, ಸಾಫ್ಟ್‌ವೇರ್ ಇನ್ನೊಂದಷ್ಟನ್ನು ಬೇಡವೆಂದು ಸೋಸುತ್ತದೆ. 2015ರ ಎನ್‌ಡಿ ಸ್ಟೀರಿಂಗ್ ಹಗುರ, ಚುರುಕು, ಆದರೆ ಮಾತು ಕಡಿಮೆ. 2023ರ ಕೊನೆಯ ಪರಿಷ್ಕರಣೆಯಲ್ಲಿ ಮಾಜ್ದಾ ಸ್ಟೀರಿಂಗ್ ರ‍್ಯಾಕಿನ ಘರ್ಷಣೆಯನ್ನು ಕಡಿಮೆ ಮಾಡಿತು. ಎರಡನ್ನೂ ಓಡಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಆಕ್ಸಿಲರೇಟರ್ ಕಥೆಯೂ ಹೀಗೇ. ಎನ್‌ಎಯಲ್ಲಿ ಪೆಡಲ್‌ನಿಂದ ಎಂಜಿನ್‌ಗೆ ಒಂದು ಉಕ್ಕಿನ ಕೇಬಲ್. ಕಾಲೆತ್ತಿದರೆ ಗಾಳಿಯ ಕವಾಟ ಆ ಕ್ಷಣವೇ ಮುಚ್ಚುತ್ತದೆ. ಈಗಿನ ಕಾರುಗಳಲ್ಲಿ ಪೆಡಲ್ ಬರೀ ಸೆನ್ಸರ್, ಕವಾಟ ತೆರೆಯುವುದು ಮುಚ್ಚುವುದು ಕಂಪ್ಯೂಟರ್. ಹೊಗೆಯ ಮಿತಿ ಮೀರದಂತೆ ಕೆಲವು ಕಾರುಗಳಲ್ಲಿ ಅದು ಕವಾಟವನ್ನು ನಿಧಾನವಾಗಿ ಮುಚ್ಚುತ್ತದೆ. ಗೇರ್ ಬದಲಿಸಲು ಕ್ಲಚ್ ಒತ್ತಿದ ಮೇಲೂ ಎಂಜಿನ್ ಒಂದು ಗಳಿಗೆ ಏರುದನಿಯಲ್ಲೇ ನಿಲ್ಲುತ್ತದೆ. ಎನ್‌ಡಿಯಲ್ಲಿ ಈ ಕಾಟ ಕಡಿಮೆ.

ಗೇರ್ ಲಿವರ್ ವಿಷಯದಲ್ಲಿ ಮಾತ್ರ ಎರಡೂ ಒಂದೇ ಮನೆಯ ಮಕ್ಕಳು. ಲಿವರ್ ನೇರವಾಗಿ ಗೇರ್‌ಬಾಕ್ಸ್‌ನ ನೆತ್ತಿಯ ಮೇಲೆ ಕೂತಿದೆ, ನಡುವೆ ಕೇಬಲ್ ಇಲ್ಲ. ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲ್ಲನ್ನೂ ಅಲ್ಯೂಮಿನಿಯಮ್ ಚೌಕಟ್ಟೊಂದು ಬೆಸೆದಿರುವುದರಿಂದ ಆಕ್ಸಿಲರೇಟರ್ ಒತ್ತಿದಾಗ ಅವು ಅತ್ತಿತ್ತ ತೊನೆಯುವುದಿಲ್ಲ. ನಾಲ್ಕೂ ತಲೆಮಾರಿನಲ್ಲಿ ಈ ಚೌಕಟ್ಟಿದೆ.

ಹಿಂಬದಿ ಜಾರಿದಾಗ

ಡಿಫರೆನ್ಷಿಯಲ್ ಎಂದರೆ ತಿರುವಿನಲ್ಲಿ ಹೊರಚಕ್ರ ಹೆಚ್ಚು, ಒಳಚಕ್ರ ಕಡಿಮೆ ತಿರುಗಲು ಬಿಡುವ ಗೇರುಗಳ ಗಂಟು. ಸಾದಾ ಡಿಫರೆನ್ಷಿಯಲ್‌ಗೆ ಒಂದು ದೌರ್ಬಲ್ಯವಿದೆ. ಒಳಚಕ್ರ ಹಗುರಾಗಿ ಜಾರತೊಡಗಿದರೆ ಹೊರಚಕ್ರಕ್ಕೂ ಅಷ್ಟೇ ಬಲ ಹೋಗುತ್ತದೆ, ಕಾರು ಮುಂದಕ್ಕೆ ಒತ್ತುವುದಿಲ್ಲ. ಲಿಮಿಟೆಡ್ ಸ್ಲಿಪ್ ಬಗೆಯದು ಆ ವ್ಯತ್ಯಾಸಕ್ಕೆ ಮಿತಿ ಹಾಕುತ್ತದೆ. ಎನ್‌ಎ 1.6ರಲ್ಲಿ ಇದ್ದದ್ದು ದಪ್ಪ ದ್ರವ ತುಂಬಿದ ಬಗೆ. ಅದು ಈಗ ಬಹುತೇಕ ಎಲ್ಲ ಕಾರಿನಲ್ಲೂ ಸವೆದು ಸಾದಾ ಡಿಫರೆನ್ಷಿಯಲ್ಲಿನಂತೆಯೇ ವರ್ತಿಸುತ್ತದೆ. 1994ರಲ್ಲಿ 1.8 ಲೀಟರ್ ಎಂಜಿನ್ ಜೊತೆ ಬಂದ ಟಾರ್ಸನ್ ಬಗೆಯದು ಗೇರುಗಳಿಂದಲೇ ಕೆಲಸ ಮಾಡುತ್ತದೆ, ಸವೆಯುವುದು ಅಪರೂಪ. ಹಳೆಯದರಲ್ಲಿ ಆಯ್ಕೆಯಿದ್ದರೆ ಟಾರ್ಸನ್ ಇರುವ 1.8 ಹುಡುಕುವುದೇ ಜಾಣತನ.

ಎನ್‌ಎಯಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ, ಬಹಳಷ್ಟರಲ್ಲಿ ಎಬಿಎಸ್ ಕೂಡ ಇಲ್ಲ. ಸ್ಟೆಬಿಲಿಟಿ ಕಂಟ್ರೋಲ್ ಎಂದರೆ ಕಾರು ನೀವು ತಿರುಗಿಸಿದ ದಿಕ್ಕು ಬಿಟ್ಟು ಬೇರೆಡೆ ಸುತ್ತತೊಡಗಿದರೆ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಸರಿದಾರಿಗೆ ತರುವ ವ್ಯವಸ್ಥೆ. ಅಮೆರಿಕದಲ್ಲಿ 2012ರ ಮಾದರಿಗಳಿಂದ ಇದು ಕಡ್ಡಾಯ. ಮಳೆಗಾಲದ ನುಣುಪು ರಸ್ತೆಯಲ್ಲಿ, ಹಿಂದಿನ ಚಕ್ರಗಳ ಎಳೆತವಿರುವ ಚಿಕ್ಕ ಕಾರಿನಲ್ಲಿ, ಹೊಸಬರಿಗೆ ಇದರ ಬೆಲೆ ದೊಡ್ಡದು. ಹಳೆಯದರ ಅಪಾಯವನ್ನು ಸುಮ್ಮನೆ ರೋಮಾಂಚನ ಎಂದು ಕರೆದು ತೇಲಿಸಿಬಿಡುವುದು ಸರಿಯಲ್ಲ. ಡಿಕ್ಕಿಯಾದರೆ 1990ರ ಕಾರು ಮೈ ಕಾಯುವ ರೀತಿಗೂ 2020ರದಕ್ಕೂ ಹೋಲಿಕೆಯೇ ಇಲ್ಲ. ಬ್ರಿಟನ್ನಿನ ಮೊದಮೊದಲ ಎನ್‌ಎಗಳಲ್ಲಿ ಏರ್‌ಬ್ಯಾಗ್ ಕೂಡ ಇರಲಿಲ್ಲ.

ಹಳೆಯದು ಕೊಳ್ಳುವ ಮುನ್ನ: ಮೊದಲು ತುಕ್ಕು ನೋಡಿ

ಎನ್‌ಎ ಎಂಜಿನ್ ಗಟ್ಟಿ. ಕೆಟ್ಟರೂ ಬೇರೆ ಎಂಜಿನ್ ಸಿಗುತ್ತದೆ. ಕಾರನ್ನು ಗುಜರಿಗೆ ಕಳಿಸುವುದು ತುಕ್ಕು. ಅದರಲ್ಲೂ ಹಿಂದಿನ ಚಕ್ರದ ಮುಂಭಾಗದ ಸಿಲ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ತೊಲೆ. ಚಾವಣಿಯಿಲ್ಲದ ಕಾರಿನಲ್ಲಿ ಇಡೀ ಮೈಯ ಬಿಗಿತ ನಿಂತಿರುವುದು ಈ ತೊಲೆಯ ಮೇಲೆ. ಬ್ರಿಟನ್ನಿನ ವಾರ್ಷಿಕ ಎಂಓಟಿ ತಪಾಸಣೆಯಲ್ಲಿ ಇಲ್ಲಿ ತೂತು ಬಿದ್ದಿದ್ದರೆ ಕಾರು ಫೇಲ್.

ತುಕ್ಕು ಹಿಡಿಯುವುದು ಒಳಗಿನಿಂದ. ಬಟ್ಟೆಯ ಚಾವಣಿಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿರುವ ಕಾಲುವೆಗೆ ಇಳಿದು, ಸೀಟ್‌ಬೆಲ್ಟ್ ಕಂಬಗಳ ಬುಡದಲ್ಲಿರುವ ಎರಡು ಕೊಳವೆಗಳ ಮೂಲಕ ಕಾರಿನ ಕೆಳಗೆ ಹೋಗಬೇಕು. ಮನೆಯ ತಾರಸಿ ಪೈಪಿನಲ್ಲಿ ತೆಂಗಿನ ಗರಿಯ ಚೂರು ಸಿಕ್ಕಿಕೊಂಡರೆ ನೀರು ಗೋಡೆಯೊಳಗೆ ಇಳಿಯುವುದಿಲ್ಲವೇ, ಇದೂ ಹಾಗೇ. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಉಕ್ಕಿ ಸಿಲ್‌ನೊಳಗೂ ಕಾರ್ಪೆಟ್ಟಿನಡಿಗೂ ಸೇರುತ್ತದೆ.

ಪರೀಕ್ಷೆ ಸುಲಭ. ಅರ್ಧ ಲೀಟರ್ ನೀರಿನ ಬಾಟಲಿ ಒಯ್ಯಿರಿ, ಮಾರುವವರ ಒಪ್ಪಿಗೆ ಪಡೆದು ಚಾವಣಿ ಇಳಿಸಿ, ಪ್ರತಿ ಕೊಳವೆಯ ಬಾಯಿಗೆ ಮೆಲ್ಲಗೆ ಸುರಿಯಿರಿ. ಕೆಲವೇ ಕ್ಷಣದಲ್ಲಿ ಹಿಂದಿನ ಚಕ್ರದ ಮುಂದೆ, ಕಾರಿನಡಿಯಿಂದ ನೀರು ಧಾರೆಯಾಗಿ ಬರಬೇಕು. ತೊಟ್ಟಿಕ್ಕಿದರೆ ಅಥವಾ ಬರದೇ ಇದ್ದರೆ ಕೊಳವೆ ಕಟ್ಟಿದೆ ಎಂದರ್ಥ. ಕಟ್ಟಿದ್ದನ್ನು ಬಿಡಿಸಲು ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಸಾಕು. ಉಕ್ಕಿನ ತಂತಿ ಬೇಡ, ಕೊಳವೆ ಹರಿದೀತು. ಆಮೇಲೆ ಸೀಟಿನ ಹಿಂದಿನ ಕಾರ್ಪೆಟ್ ಒತ್ತಿ ಒದ್ದೆಯಿದೆಯೇ ನೋಡಿ. ಸಿಲ್‌ನ ಹಿಂತುದಿಗೆ ಬಟ್ಟೆ ಸುತ್ತಿದ ಚಿಕ್ಕ ಆಯಸ್ಕಾಂತ ಹಿಡಿಯಿರಿ. ಅದು ಅಂಟದ ಕಡೆ ಬಣ್ಣದ ಕೆಳಗಿರುವುದು ಲೋಹವಲ್ಲ, ಪುಟ್ಟಿ.

ಎನ್‌ಬಿ ಅಗ್ಗ ಎಂದು ಅತ್ತ ಹೋಗುವವರು ಮುಂಭಾಗದ ಚಾಸಿ ತೊಲೆಗಳನ್ನೂ ನೋಡಬೇಕು. ಎರಡು ಪದರದ ತಗಡಿನ ನಡುವೆ ಅಲ್ಲಿ ತುಕ್ಕು ಬೆಳೆಯುತ್ತದೆ, ಲಿಫ್ಟ್ ಮೇಲೆ ಏರಿಸದೆ ಕಾಣುವುದಿಲ್ಲ. ಎನ್‌ಎಯ ಡಿಕ್ಕಿಯಲ್ಲಿರುವ ಬ್ಯಾಟರಿಯನ್ನೂ ಒಮ್ಮೆ ನೋಡಿ. ಅಲ್ಲಿಗೆ ಆವಿಯ ಕೊಳವೆ ಜೋಡಿಸಿದ ಸೀಲ್ಡ್ ಬ್ಯಾಟರಿಯೇ ಬೇಕು. ದುಡ್ಡುಳಿಸಲು ಸಾದಾ ಆಸಿಡ್ ಬ್ಯಾಟರಿ ಇಟ್ಟಿದ್ದರೆ ಆವಿ ಡಿಕ್ಕಿಯ ನೆಲವನ್ನು ತಿಂದಿರುತ್ತದೆ.

ಬಾನೆಟ್ ಎತ್ತಿದಾಗ

ಮೊದಲು ಎಂಜಿನ್ ತಣ್ಣಗಿದೆಯೇ ಎಂದು ಕೈಯಿಟ್ಟು ನೋಡಿ. ಬಿಸಿ ಮಾಡಿಟ್ಟ ಎಂಜಿನ್ ರೋಗ ಮುಚ್ಚಿಡುತ್ತದೆ. ಸ್ಟಾರ್ಟ್ ಮಾಡಿದೊಡನೆ ಟಿಕ್ ಟಿಕ್ ಸದ್ದು ಬಂದರೆ ಹೆದರಬೇಡಿ. ಎನ್‌ಎಯಲ್ಲಿ ವಾಲ್ವ್ ಸಂದು ಸರಿಪಡಿಸುವ ಪುಟ್ಟ ಭಾಗಗಳು ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತವೆ. ಎಣ್ಣೆ ಹಳೆಯದಾದರೆ ಅವು ತಟ್ಟುತ್ತವೆ, ಹೊಸ ಎಣ್ಣೆ ಹಾಕಿದ ಮೇಲೆ ಸಾಮಾನ್ಯವಾಗಿ ಸುಮ್ಮನಾಗುತ್ತವೆ. ಬುಡದಿಂದ ಬರುವ ದಪ್ಪ ಕುಟ್ಟುವ ಸದ್ದು ಮಾತ್ರ ಬೇರಿಂಗಿನದು, ಅಲ್ಲಿಂದ ಎದ್ದು ಬನ್ನಿ.

1989ರಿಂದ 1991ರ ನಡುವಿನವರೆಗಿನ 1.6 ಎಂಜಿನ್‌ಗಳಲ್ಲಿ ಒಂದು ಹುಟ್ಟುದೋಷವಿದೆ. ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮೂತಿ ಗಿಡ್ಡ. ವಾಲ್ವ್‌ಗಳನ್ನು ಪಿಸ್ಟನ್‌ಗಳ ಲಯಕ್ಕೆ ಕೂಡಿಸುವ ಟೈಮಿಂಗ್ ಬೆಲ್ಟ್ ಬದಲಿಸುವಾಗ ಮುಂದಿನ ಬೋಲ್ಟ್ ಸರಿಯಾಗಿ ಬಿಗಿಯದಿದ್ದರೆ ಅದರ ಮೇಲಿನ ಪುಲ್ಲಿ ಕೂದಲೆಳೆಯಷ್ಟು ಅಲುಗಾಡುತ್ತ, ಬೆಣೆ ಕೂರುವ ತೋಡನ್ನೇ ಅಗಲಿಸುತ್ತದೆ. ಕೊನೆಗೆ ಟೈಮಿಂಗ್ ತಪ್ಪಿ ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ. ಗುರುತಿಸುವುದು ಹೀಗೆ: ಟಾರ್ಚ್ ಹಿಡಿದು ಮುಂದಿನ ಕೆಳಪುಲ್ಲಿಯಲ್ಲಿರುವ ಕಿಂಡಿಗಳನ್ನು ಎಣಿಸಿ. ನಾಲ್ಕಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ತಿದ್ದಿದ್ದು. ನಾಲ್ಕಿದ್ದರೂ ಎಂಜಿನ್ ಓಡುವಾಗ ಪುಲ್ಲಿ ತೊನೆಯದಿದ್ದರೆ ಕೊಳ್ಳಬಹುದು, ಬೆಲೆ ಇಳಿಸಿ ಕೇಳಿ.

ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ, ಅಂದರೆ ಸುಮಾರು 1 ಲಕ್ಷ ಕಿ.ಮೀ.ಗೊಮ್ಮೆ ಬದಲಿಸಬೇಕು. ಎನ್‌ಎ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ಪಿಸ್ಟನ್ ವಾಲ್ವಿಗೆ ಬಡಿಯುವುದಿಲ್ಲ, ರಸ್ತೆಬದಿಯಲ್ಲಿ ನಿಲ್ಲಬೇಕಾಗುತ್ತದೆ ಅಷ್ಟೆ. ನೀರಿನ ಪಂಪ್ ಓಡುವುದು ಆಲ್ಟರ್ನೇಟರಿನ ಬೆಲ್ಟಿನಿಂದ, ಆದರೆ ಅದನ್ನು ತೆಗೆಯಲು ಟೈಮಿಂಗ್ ಬೆಲ್ಟನ್ನೂ ಬಿಚ್ಚಬೇಕು. ಬಿಚ್ಚಿದಾಗ ಪಂಪ್, ಮುಂದಿನ ಎಣ್ಣೆ ಸೀಲುಗಳು, ಎರಡು ರಾಟೆಗಳು ಎಲ್ಲವನ್ನೂ ಒಟ್ಟಿಗೆ ಹಾಕಿಸಿ, ಇಲ್ಲವಾದರೆ ಅದೇ ಬಿಚ್ಚುವ ಕೂಲಿ ಎರಡನೇ ಸಲ ತೆರಬೇಕು. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಕಪ್ಪಿರಬೇಕು. ಕಂದು ಹಸಿರಿಗೆ ತಿರುಗಿದ್ದರೆ ಬಿರುಕು ಬಿಡುವ ದಿನ ದೂರವಿಲ್ಲ. ಎಂಜಿನ್ನಿನ ಹಿಂಭಾಗದಲ್ಲಿ ಎಣ್ಣೆ ಜಿನುಗಿದ್ದರೆ ಸಾಮಾನ್ಯವಾಗಿ ಕ್ಯಾಮ್ ಸೆನ್ಸರಿನ ರಬ್ಬರ್ ಉಂಗುರದ್ದು. ಉಂಗುರಕ್ಕೆ ಚಿಲ್ಲರೆ ಕಾಸು, ಕೈ ತೂರಿಸುವುದಕ್ಕೆ ತಾಳ್ಮೆ.

ಗೇರ್ ಲಿವರ್ ಸುತ್ತ ಬಿಸಿಗಾಳಿ ಬಂದರೆ ಕೆಳಗಿನ ರಬ್ಬರ್ ತೊಗಲು ಹರಿದಿದೆ. ಅದನ್ನೂ ಲಿವರ್ ತುದಿಯ ಪ್ಲಾಸ್ಟಿಕ್ ಬುಷ್ಷನ್ನೂ ಬದಲಿಸಿ, ಅಲ್ಲಿನ ಪುಟ್ಟ ಬಟ್ಟಲಿಗೆ ಸುಮಾರು 80–90 ಮಿ.ಲೀ. ಗೇರ್ ಎಣ್ಣೆ ಹಾಕಿದರೆ ಲಿವರ್ ಹೊಸ ಕಾರಿನದರಂತೆ ಕಚಕ್ಕನೆ ಬೀಳುತ್ತದೆ. ಒಂದು ಮಧ್ಯಾಹ್ನದ ಕೆಲಸ. ಇಡೀ ಕಾರಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಖುಷಿ ಕೊಡುವ ರಿಪೇರಿ ಇನ್ನೊಂದಿಲ್ಲ.

ಹ್ಯಾಂಡ್‌ಬ್ರೇಕ್ ಹಿಡಿಯದಿದ್ದರೆ ಕೇಬಲ್ ಎಳೆಯಲು ಹೋಗಬೇಡಿ. ಬ್ರೇಕ್ ಪ್ಯಾಡ್ ಹಿಡಿದಿರುವ ಹಿಂದಿನ ಕ್ಯಾಲಿಪರಿನ ಮುಚ್ಚಳ ಬೋಲ್ಟ್ ಬಿಚ್ಚಿ, ಒಳಗೆ 4 ಮಿ.ಮೀ. ಅಲೆನ್ ಕೀ ಹಾಕಿ, ಪ್ಯಾಡ್ ಡಿಸ್ಕಿಗೆ ಕಚ್ಚುವವರೆಗೆ ತಿರುಗಿಸಿ, ಆಮೇಲೆ ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಕ್ಲಚ್ ಪೆಡಲ್ ಮೆತ್ತಗಾಗಿದ್ದರೆ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು. ಅದನ್ನು ಬದಲಿಸುವಾಗ ಮೇಲಿನ ಮಾಸ್ಟರ್ ಸಿಲಿಂಡರನ್ನೂ ಬದಲಿಸುವುದು ವಾಸಿ, ಒಂದು ಹೊಸದಾದರೆ ಇನ್ನೊಂದು ಹಳೆಯದು ಬೇಗ ಸೋರತೊಡಗುತ್ತದೆ.

ದೊಡ್ಡ ತಲೆನೋವೆಂದರೆ ಸಸ್ಪೆನ್ಷನ್ ಬೋಲ್ಟುಗಳು. ವೀಲ್ ಅಲೈನ್‌ಮೆಂಟ್ ಮಾಡಲು ಕೆಳಗಿನ ತೋಳುಗಳ ಉದ್ದ ಬೋಲ್ಟುಗಳು ತಿರುಗಬೇಕು. ಉಪ್ಪು ಹಾಕುವ ರಸ್ತೆಗಳಲ್ಲಿ ಓಡಿದ ಕಾರಿನಲ್ಲಿ ಅವು ಬುಷ್ ಒಳಗಿನ ಲೋಹದ ಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡಿರುತ್ತವೆ, ಕತ್ತರಿಸಿ ತೆಗೆಯದೆ ಬೇರೆ ದಾರಿಯಿಲ್ಲ. ಅಲೈನ್‌ಮೆಂಟ್ ಮಾಡಿಸಿದ ಇತ್ತೀಚಿನ ರಸೀತಿ ಇದ್ದರೆ ಕಾರಿನ ಬಗ್ಗೆ ಅದು ಬಹಳ ಹೇಳುತ್ತದೆ.

ಬಿಡಿಭಾಗಗಳ ಚಿಂತೆ ಬೇಡ. ಲಕ್ಷಗಟ್ಟಲೆ ಕಾರು ಮಾರಾಟವಾದ್ದರಿಂದ ಎಲ್ಲವೂ ಸಿಗುತ್ತದೆ. ಜಪಾನಿನಲ್ಲಿ ಮಾಜ್ದಾ ತಾನೇ ಹಳೆಯ ಎನ್‌ಎಗಳನ್ನು ಪುನರುಜ್ಜೀವನ ಮಾಡಿಕೊಡುವ ಸೇವೆ ತೆರೆದು, ಚಾವಣಿ, ಮರದ ಸ್ಟೀರಿಂಗ್, ಅಂದಿನ ವಿನ್ಯಾಸದ 14 ಇಂಚಿನ ಬ್ರಿಜ್‌ಸ್ಟೋನ್ ಟೈರನ್ನು ಕೂಡ ಮತ್ತೆ ತಯಾರಿಸಿತು.

ಹೊಸದರ ತಾಪತ್ರಯಗಳು

ಎನ್‌ಡಿಯಲ್ಲಿ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ, ಬ್ರೇಕ್ ನೋಡಿಸಿದರೆ ಮುಗಿಯಿತು. ಆದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎರಡು ಮೂರು ಸಂಗತಿ ತಿಳಿದಿರಬೇಕು. ಆರಂಭದ ವರ್ಷಗಳ ಕೆಲವು ಕಾರುಗಳಲ್ಲಿ ಮ್ಯಾನುಯಲ್ ಗೇರ್‌ಬಾಕ್ಸ್ ಒಳಗೆ ಮುರಿದದ್ದುಂಟು, ತಯಾರಕರು ಒಳಭಾಗಗಳನ್ನು ಹಲವು ಸಲ ಬದಲಿಸಿದರು. ಓಡಿಸಿ ನೋಡುವಾಗ ರೇಡಿಯೊ ಆರಿಸಿ ಎರಡನೇ, ಮೂರನೇ ಗೇರಿನಲ್ಲಿ ಕೊರೆಯುವ ಸದ್ದಿದೆಯೇ ಕೇಳಿ, ಗೇರ್‌ಬಾಕ್ಸ್ ಬದಲಿಸಿದ ದಾಖಲೆ ಇದ್ದರೆ ಅದು ದೋಷವಲ್ಲ, ಲಾಭ. ಚಾವಣಿಯ ಬಟ್ಟೆ ಮಡಚುವಾಗ ಉಜ್ಜುವ ಪಕ್ಕಗಳಲ್ಲಿ ಸವೆದಿದೆಯೇ ನೋಡಿ. 2019ರ ಮಾದರಿಗೆ ಮುಂಚೆ ಸ್ಟೀರಿಂಗನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಬರುತ್ತಿರಲಿಲ್ಲ. ಎತ್ತರದವರು ಇದನ್ನು ಕೂತು ನೋಡಿಯೇ ಕೊಳ್ಳಬೇಕು. ಎನ್‌ಎಯಲ್ಲಂತೂ ಸ್ಟೀರಿಂಗ್ ಯಾವ ಕಡೆಗೂ ಸರಿಯುವುದಿಲ್ಲ. ಸ್ಟೆಪ್ನಿ ಟೈರ್ ಎನ್‌ಡಿಯಲ್ಲಿಲ್ಲ, ಪಂಕ್ಚರ್ ದ್ರವದ ಡಬ್ಬಿ ಮಾತ್ರ.

ನಿಜವಾದ ಚಿಂತೆ ಇಪ್ಪತ್ತು ವರ್ಷದ ಆಚೆಯದು. ಎಲ್‌ಇಡಿ ಹೆಡ್‌ಲೈಟ್‌ನ ಒಂದು ಭಾಗ ಕೆಟ್ಟರೂ ಇಡೀ ಘಟಕ ಬದಲಿಸಬೇಕಾಗುತ್ತದೆ. ಪರದೆ, ಕ್ಯಾಮೆರಾ, ಹತ್ತಾರು ಪುಟ್ಟ ಕಂಪ್ಯೂಟರುಗಳು ಕೆಟ್ಟಾಗ ಸ್ಪ್ಯಾನರಿನಿಂದ ಆಗುವ ಕೆಲಸವಲ್ಲ. ಎನ್‌ಎಯಲ್ಲಿ ಬಲ್ಬ್ ಹೋದರೆ ಬಲ್ಬ್ ಹಾಕಿದರಾಯಿತು.

ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈನಿಂದ ಮಾರಾಟವಾಗುವ ಹೊಸ ಕಾರುಗಳಲ್ಲಿ ವೇಗಮಿತಿ ಮೀರಿದಾಗ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಅದು ತಾನೇ ಚಾಲೂ ಆಗುತ್ತದೆ. ಎಚ್ಚರಿಕೆಯ ಸದ್ದಿಲ್ಲದೆ ಓಡಿಸಲು ಬಯಸುವವರಿಗೆ ಇದು ಕಿರಿಕಿರಿ, ಹಾಗಾಗಿ 2019ರಿಂದ 2023ರ ನಡುವಿನ ಎನ್‌ಡಿಗಳ ಮೇಲೆ ಬಹಳ ಜನರ ಕಣ್ಣಿದೆ.

ನಡುವೆ ಎನ್‌ಸಿ ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ನೋಡಲು ಕೊಂಚ ದುಂಡಗಾದರೂ ಅದರಲ್ಲಿ ಹೈಡ್ರಾಲಿಕ್ ಸ್ಟೀರಿಂಗ್ ಇದೆ, ಬೆಲ್ಟ್ ಬದಲು ಟೈಮಿಂಗ್ ಚೈನ್ ಇದೆ, ಸ್ಟೆಬಿಲಿಟಿ ಕಂಟ್ರೋಲ್ ಸಿಗುತ್ತದೆ. ಹಳೆಯದರ ಕೆಲಸವೂ ಬೇಡ, ಹೊಸದರ ಸಾಲವೂ ಬೇಡ ಎನ್ನುವವರು ಒಮ್ಮೆ ಓಡಿಸಿ ನೋಡಲಿ.

ತೆರಿಗೆ, ವಿಮೆ, ಊರಿನ ನಿಯಮ

ಇದು ದೇಶದಿಂದ ದೇಶಕ್ಕೆ ಬೇರೆ. ಹೆಚ್ಚು ಹೊಗೆ ಬಿಡುವ ವಾಹನಗಳಿಗೆ ಶುಲ್ಕ ಹಾಕುವ ಲಂಡನ್ನಿನ ಯುಲೆಝ್ ವಲಯ 2023ರ ಆಗಸ್ಟ್‌ನಿಂದ ಇಡೀ ಮಹಾನಗರಕ್ಕೆ ಹಬ್ಬಿದೆ. ಪೆಟ್ರೋಲ್ ಕಾರು ಯೂರೊ 4 ಎಂಬ ಹೊಗೆಮಿತಿಯ ಮಟ್ಟದ್ದಾಗಿರಬೇಕು, ಇಲ್ಲದಿದ್ದರೆ ದಿನಕ್ಕೆ 12.50 ಪೌಂಡ್. ಎನ್‌ಎ ಈ ಮಟ್ಟದ್ದಲ್ಲ. ಕಾರಿಗೆ 40 ವರ್ಷ ತುಂಬಿದ ಮರುವರ್ಷ ಬ್ರಿಟನ್ನಿನಲ್ಲಿ ಐತಿಹಾಸಿಕ ವಾಹನವೆಂದು ವಿನಾಯಿತಿ ಸಿಗುತ್ತದೆ, ಆದರೆ ಅತಿ ಹಳೆಯ ಎನ್‌ಎಗೂ ಅದಕ್ಕೆ 2030 ಬರಬೇಕು. ಜರ್ಮನಿಯಲ್ಲಿ ಮಿತಿ 30 ವರ್ಷ. ಮೂಲಸ್ಥಿತಿಯಲ್ಲಿರುವ 1990ರ ಎನ್‌ಎಗೆ ಅಲ್ಲಿ ಐತಿಹಾಸಿಕ ಕಾರುಗಳಿಗೆ ಕೊಡುವ ಎಚ್ ನಂಬರ್ ಪ್ಲೇಟ್ ಪಡೆಯಬಹುದು, ವರ್ಷದ ತೆರಿಗೆ 191 ಯೂರೊ ಚಿಲ್ಲರೆ, ನಗರದ ಹೊಗೆ ವಲಯಗಳಿಗೂ ಪ್ರವೇಶವಿದೆ.

ವಿಮೆ ಮಾಡಿಸುವಾಗ ಹಳೆಯ ಕಾರಿಗೆ ಒಪ್ಪಿತ ಮೌಲ್ಯದ ಪಾಲಿಸಿ ಕೇಳಿ. ಸಾಮಾನ್ಯ ಪಾಲಿಸಿಯಲ್ಲಿ ಅಪಘಾತವಾದರೆ ಕಂಪನಿ ಮೂವತ್ತು ವರ್ಷ ಹಳೆಯ ಕಾರೆಂದು ಮಾರುಕಟ್ಟೆಯ ಕನಿಷ್ಠ ಬೆಲೆ ಕೊಡುತ್ತದೆ. ಒಪ್ಪಿತ ಮೌಲ್ಯದಲ್ಲಿ ಮೊದಲೇ ಫೋಟೊ, ರಸೀತಿ ತೋರಿಸಿ ಬರೆಸಿದ ಮೊತ್ತವೇ ಸಿಗುತ್ತದೆ. ವರ್ಷಕ್ಕೆ ಇಂತಿಷ್ಟೇ ಮೈಲಿ ಓಡಿಸಬೇಕೆಂಬ ಷರತ್ತು ಅದರ ಜೊತೆಗಿರುತ್ತದೆ.

ಬೆಂಗಳೂರಿಗೆ ಒಂದನ್ನು ತರಿಸಿಕೊಳ್ಳೋಣ ಎಂಬ ಆಸೆಯಿದ್ದರೆ ಅದನ್ನು ಬಿಡಿ. ಮಾಜ್ದಾ ಭಾರತದಲ್ಲಿ ಕಾರು ಮಾರುತ್ತಿಲ್ಲ, ಬಳಸಿದ ಕಾರುಗಳ ಆಮದಿಗೆ ಮೂರು ವರ್ಷದ ವಯೋಮಿತಿಯಿದೆ.

ಎರಡನ್ನೂ ಓಡಿಸಿ ನೋಡುವುದು ಹೇಗೆ

ಒಂದೇ ದಿನ, ಒಂದೇ ರಸ್ತೆಯಲ್ಲಿ ಓಡಿಸಿ. ಮೊದಲು ಹಳೆಯದು, ಆಮೇಲೆ ಹೊಸದು. ಮೊದಲೇ ಹೊಸದರಲ್ಲಿ ಕೂತರೆ ಹಳೆಯದರ ಬ್ರೇಕ್ ಕೆಟ್ಟಿದೆ ಎಂದೇ ಅನ್ನಿಸುತ್ತದೆ. ಸದ್ದಿಲ್ಲದ ರಸ್ತೆಯಲ್ಲಿ ಗಂಟೆಗೆ 50ರ ವೇಗದಲ್ಲಿ ಒಂದು ಸಾಧಾರಣ ತಿರುವನ್ನು ಎರಡರಲ್ಲೂ ಹಾದು, ಅಂಗೈಗೆ ಏನು ಬಂತು ಎಂದು ಗಮನಿಸಿ. ಎನ್‌ಡಿಯ ಮೈ ಹೆಚ್ಚು ವಾಲುತ್ತದೆ, ಅದು ಬೇಕೆಂದೇ ಮಾಡಿದ್ದು. 2022ರ ಮಾದರಿಯಿಂದ ತಿರುವಿನಲ್ಲಿ ಒಳಗಿನ ಹಿಂಚಕ್ರಕ್ಕೆ ಸೂಕ್ಷ್ಮವಾಗಿ ಬ್ರೇಕ್ ಹಾಕಿ ವಾಲಿಕೆ ತಗ್ಗಿಸುವ ವ್ಯವಸ್ಥೆಯೂ ಸೇರಿದೆ.

ಹಳೆಯದು ಸಡಿಲ, ಅಲುಗಾಟ ಅನ್ನಿಸಿದರೆ ಕೂಡಲೇ ತೀರ್ಪು ಕೊಡಬೇಡಿ. ಮೂವತ್ತು ವರ್ಷದ ರಬ್ಬರ್ ಬುಷ್ ಕಲ್ಲಾಗಿರುತ್ತದೆ, ಶಾಕ್ ಅಬ್ಸಾರ್ಬರ್ ಸತ್ತಿರುತ್ತದೆ. ನೀವು ಓಡಿಸುತ್ತಿರುವುದು 1990ರ ವಿನ್ಯಾಸವನ್ನಲ್ಲ, ಅದರ ಸವಕಲನ್ನು. ಬುಷ್, ಶಾಕ್ ಬದಲಿಸಿದ ಇನ್ನೊಂದು ಕಾರನ್ನು ಹುಡುಕಿ ಓಡಿಸಿ. ಟೈರಿನ ಪಕ್ಕದಲ್ಲಿ ಡಿಓಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನೂ ಓದಿ. 2315 ಎಂದಿದ್ದರೆ ಅದು 2015ರ 23ನೇ ವಾರ ತಯಾರಾದದ್ದು. ವರ್ಷಕ್ಕೆ ಸಾವಿರ ಮೈಲಿ ಓಡುವ ಕಾರಿನಲ್ಲಿ ಟೈರಿನ ಹಲ್ಲು ಹೊಸದರಂತೆಯೇ ಕಾಣುತ್ತಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಂಬದಿ ಮೊದಲು ಕೈಬಿಡುವುದು ಅದರಿಂದಲೇ. ಹತ್ತು ವರ್ಷ ದಾಟಿದ ಟೈರಿದ್ದರೆ ಓಡಿಸಿ ನೋಡುವ ವೇಗವನ್ನು ಅರ್ಧಕ್ಕೆ ಇಳಿಸಿ, ಹೊಸ ನಾಲ್ಕು ಟೈರಿನ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.